ಔಷಧಿ ಕುಡಿದ ಹ್ಯಾಟೆಗಳು

ಬಂಡಳ್ಳಿ
೧೦-೧೧-೨೦೨೫, ಕಾರ್ತಿಕ ಸೋಮವಾರ

ನನ್ನ ಮಗಳು ಚೈತ್ರಾಗೆ, ಬೆಟ್ಟದ ಮಾದಪ್ಪ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ತಣ್ಣಗೆ ಇಟ್ಟಿರಲಿ ಎಂದು ನಿನ್ನ ಅವ್ವ ಹರಸಿ ಬರೆಯುವುದು.

ಫೋನಿದ್ದೂ ಅವ್ವ ಯಾಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ಫೋನು ಹಿಡಿದರೆ ನಿಮ್ಮಪ್ಪ, ಸ್ಪೀಕರ್ ಹಾಕು ಅಂತ ಪಕ್ಕದಲ್ಲೇ ಬಂದು ಕೂರುತ್ತಾರೆ. ಈ ವಿಷಯ ಅವರ ಮುಂದೆ ಹೇಳುವಂಥದ್ದಲ್ಲ. ನಿನ್ನ ಸೋದರಮಾವ ದೇವಣ್ಣ ನಾಳೆ ಯಳಂದೂರಿಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತಿದ್ದೇನೆ.

ನಿನ್ನ ಬಾಣಂತನಕ್ಕೆಂದು ಸಾಕಿದ ಹ್ಯಾಟೆ ಕೋಳಿಗಳಿಗೆ ಕಾಯಿಲೆ ಬಂದಿತ್ತು ಮಗಾ. ಬಸುರಿಗೆ ಯಾಕೆ ಹೇಳುವುದು ಅಂತ ಮುಚ್ಚಿಟ್ಟಿದ್ದೆ. ಜುಟ್ಟು ಬಿಳಿಚಿಕೊಂಡು ರೆಕ್ಕೆ ಜೋತುಬಿದ್ದಿದ್ದವು. ರಾಗಿ ಚೆಲ್ಲಿದರೆ ಗಬಗಬ ತಿನ್ನುತ್ತಿದ್ದವು, ಎತ್ತಿಕೊಂಡರೆ ಎದೆಮೂಳೆ ಕುಡುಗೋಲಿನ ಹಾಗೆ ಕೈಗೆ ಸಿಗುತ್ತಿತ್ತು. ಅವು ದುಂಡಗಿದ್ದಾಗ ಪಕ್ಕದ ಮನೆ ಶಿವಮ್ಮ ಒಂದು ದಿನ 'ಏನವ್ವೋ ನಿನ್ ಕೋಳಿಗಳು, ಕುರಿ ಇದ್ದಂಗವೆ' ಅಂದಿದ್ದಳು. ಅವಳ ಕಣ್ಣೇ ತಾಗಿತು ಅಂತ ನೀವಾಳಿಸಿದೆ, ಧೂಪ ಹಾಕಿದೆ, ಒಂದೊಂದರ ನೆತ್ತಿಗೂ ವಿಭೂತಿ ಹಚ್ಚಿದೆ. ವಿಭೂತಿ ಇಟ್ಟುಕೊಂಡೇ ತೂಕಡಿಸಿದವು. ನಿಮ್ಮಪ್ಪ 'ಸತ್ತೋಗಕ್ ಮುಂಚೆ ಎಲ್ಲಾನೂ ಮಾರ್ಬುಡಮ್ಮಿ' ಅಂದರು. ಚೊಚ್ಚಲ ಬಾಣಂತಿಗೆ ಫಾರಂ ಕೋಳಿ ಸಾರು ಬಡಿಸಲೇ? ಆಗುವುದಿಲ್ಲ ಅಂದೆ.

ಒಂದು ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆಯಲ್ಲಿ ಬಿಳಿಯ ಹುಳ ಕಂಡೆ, ಒತ್ತುಶಾವಿಗೆ ಎಳೆಯ ಹಾಗೆ, ಇನ್ನೂ ಮಿಸುಕಾಡುತ್ತಿತ್ತು. ಎಲೆಯಲ್ಲಿ ಕಟ್ಟಿಕೊಂಡು ಹನೂರಿನ ದನದ ಆಸ್ಪತ್ರೆಗೆ ಬಸ್ಸು ಹತ್ತಿದೆ. ಪಕ್ಕ ಕೂತವಳು 'ಏನಕ್ಕಾ, ಪ್ರಸಾದ್ವಾ?' ಅಂತ ಕೈ ಚಾಚಿದಳು. 'ಅಲ್ಲ ಕಣವ್ವಾ, ಕೋಳಿ ಹಿಕ್ಕೆ' ಅಂದೆ. ಅವಳು ಎದ್ದು ಹಿಂದಕ್ಕೆ ಹೋದಳು, ನನಗೆ ಸೀಟು ಧಾರಾಳವಾಯಿತು.

ಡಾಕ್ಟರು ನೋಡಿ ಜಂತುಹುಳ ಅಂದರು. ಹುಳದ ಮೊಟ್ಟೆ ಹಿಕ್ಕೆಯ ಜೊತೆ ಬೀಳುತ್ತದಂತೆ, ಅದೇ ಮಣ್ಣು ಕೆದಕಿ ಮೇಯ್ದು ಕೋಳಿ ಮತ್ತೆ ಹೊಟ್ಟೆಗೆ ತುಂಬಿಕೊಳ್ಳುತ್ತದಂತೆ. ಔಷಧಿ ಕೊಟ್ಟು, ನೀರಿಗೆ ಎಷ್ಟು ಬೆರೆಸಬೇಕೆಂದು ಅಳತೆ ತೋರಿಸಿದರು. ದಿನಾ ಗುಡಿಸಿ ಗೂಡು ಒಣಗಿಸಬೇಕು, ಔಷಧಿ ಕುಡಿದ ಮೇಲೆ ಎರಡು ವಾರ ಮೊಟ್ಟೆ ತಿನ್ನಬಾರದು ಅಂದರು. ನನಗೆ ನಗು ಬಂತು. 'ಸಾ, ಮಗಳು ಸುಖವಾಗಿ ಹೆರಲಿ ಅಂತ ಅಮಾಸೆಗೆ ಮಾದಪ್ಪನ ಬೆಟ್ಟಕ್ಕೆ ನಡ್ಕಂಡ್ ಓಗೋ ಅರಕೆ ಅದೆ. ಅಲ್ಲೀಗಂಟ ನಮ್ಮನೇಲಿ ಬಾಡೂ ಇಲ್ಲ, ಮೊಟ್ಟೆನೂ ಇಲ್ಲ' ಅಂದೆ.

ನಡೆಯುವ ಮಾತಿಗೆ ನಿಮ್ಮಪ್ಪನ ಮಂಡಿ ಮಾತ್ರ ಒಪ್ಪಿರಲಿಲ್ಲ. 'ಬಸ್ಸಲ್ ಬಂದೋರ್ನ ಮಾದಪ್ಪ ಬ್ಯಾಡ ಅಂದಾನಾ?' ಅಂತ ದಿನಾ ಅದೇ ರಾಗ. ಅದೇ ಮಂಡಿ ಹೊಲದಾಚೆ ಚೆನ್ನಯ್ಯನ ಪಂಪ್‌ಸೆಟ್ ಮನೆಗೆ ಇಸ್ಪೀಟಾಡಲು ಕುಣಿದುಕೊಂಡು ಹೋಗುತ್ತದೆ.

ಎಂಟು ದಿನದ ಹಿಂದೆ, ಭಾನುವಾರ ಬೆಳಿಗ್ಗೆ ಗೂಡಿನ ಮುಂದೆ ಔಷಧಿ ನೀರು ಇಟ್ಟೆ. ಮಧ್ಯಾಹ್ನ ನೋಡಿದರೆ ಅವತ್ತು ಕೋಳಿಗಳು ಇಟ್ಟಿದ್ದ ಮೊಟ್ಟೆಗಳೇ ಇಲ್ಲ. ಸಂಜೆ ನಿಮ್ಮಪ್ಪನಿಗೆ ಮುದ್ದೆ ಬಡಿಸುತ್ತಾ, ಕೋಳಿಗಳಿಗೆ ಔಷಧಿ ಇಟ್ಟಿದ್ದೇನೆ, ಮೊಟ್ಟೆ ತಿನ್ನಬಾರದಂತೆ ಅಂದೆ. ಮುರಿದ ತುತ್ತನ್ನು ತಟ್ಟೆಗೇ ಇಟ್ಟರು. 'ತಿಂದ್ರೆ ಏನಾದದು?' ಅಂದರು. 'ನಂಗೇನ್ ಗೊತ್ತು? ಅರಕೆ ಹೊತ್ತ ಮನೇಲಿ ತಿನ್ನೋರ್ಯಾರು?' ಅಂದೆ. ಹೊಟ್ಟೆ ಸವರಿಕೊಂಡರು. ಆಮೇಲೆ ಎಲ್ಲ ಬಾಯಿಬಿಟ್ಟರು. ಪಂಪ್‌ಸೆಟ್ ಮನೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಉದುರಿಸಿಕೊಂಡು ಇಬ್ಬರೂ ತಿಂದಿದ್ದಾರೆ! 'ಮಾದಪ್ಪನೇ ಹಿಡ್ದಾಕ್ಬುಟ್ಟ ಕಣಮ್ಮಿ' ಅಂತ ದೇವರ ಮುಂದೆ ಅಡ್ಡಬಿದ್ದು, ಚಪ್ಪಲಿ ಇಲ್ಲದೆ ನಡೆದೇ ಬೆಟ್ಟ ಹತ್ತುತ್ತೇನೆ ಅಂತ ತಪ್ಪೊಪ್ಪಿಕೊಂಡರು. ಚೆನ್ನಯ್ಯನೂ ಬರುತ್ತಾನಂತೆ. ಅವನ ಹೊಟ್ಟೆ ಆಗಲೇ ಗುಡುಗುಡು ಅನ್ನುತ್ತಿದೆಯಂತೆ.

ಕೋಳಿಗಳ ಹುಳ ಬಿದ್ದುಹೋಯಿತು ಮಗಾ. ಗೂಡಿಗೆ ಸುಣ್ಣ ಎರಚಿದ್ದೇನೆ. ಜುಟ್ಟು ಕೆಂಪಗಾಗುತ್ತಿದೆ, ಒಂದನ್ನೊಂದು ಅಟ್ಟಿಸಿಕೊಂಡು ಅಂಗಳವೆಲ್ಲ ಗಲಾಟೆ. ಈಗಿನ ಮೊಟ್ಟೆಗಳನ್ನು ತಿಪ್ಪೆಯಲ್ಲಿ ಹೂಳುತ್ತಿದ್ದೇನೆ, ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಇನ್ನೊಂದು ಸಲ ಔಷಧಿ ಕೊಟ್ಟರೆ, ನೀನು ಹೆರಿಗೆಗೆ ಬರುವ ಹೊತ್ತಿಗೆ ಮೈತುಂಬಿಕೊಂಡಿರುತ್ತವೆ. ಮನಸ್ಸು ತುಂಬಿ ಬರೆದಿದ್ದೇನೆ. ಅಳಿಯಂದಿರನ್ನೂ ನಿಮ್ಮತ್ತೆಯವರನ್ನೂ ಕೇಳಿದೆ ಅಂತ ಹೇಳು.

ನಿನ್ನ ಹಾದಿ ನೋಡುತ್ತಿರುವ ಅವ್ವ,
ವಸಂತಮ್ಮ

ತಾ.ಕ.: ಆ ಭಾನುವಾರ ಕೋಳಿಗಳು ಔಷಧಿ ನೀರಿಗೆ ಕೊಕ್ಕು ಕೂಡ ಇಟ್ಟಿರಲಿಲ್ಲ. ದನದ ತೊಟ್ಟಿಯ ಪಕ್ಕ ನಿಂತ ನೀರು ಕುಡಿದು ಬಂದಿದ್ದವು. ಸಂಜೆ ನೋಡಿದರೆ ನಾನಿಟ್ಟ ಬೋಸಿ ತುಂಬಿದ ಹಾಗೇ ಇತ್ತು. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ಸಂಜೆಯೇ ನೀರು ಎತ್ತಿಟ್ಟು ಗೂಡಲ್ಲಿ ಕೂಡಿ, ಬೆಳಿಗ್ಗೆ ಬಾಯಾರಿದಾಗ ಹೊಸದಾಗಿ ಬೆರೆಸಿ ಕುಡಿಸಿದ್ದು ಆಮೇಲೆ. ನಿಮ್ಮಪ್ಪ ತಿಂದದ್ದು ಬರೀ ಮೊಟ್ಟೆ. ಮಾದಪ್ಪನಿಗೆ ಹೇಳಿದ್ದೇನೆ, ಅವನೇನೂ ಬೇಡ ಅನ್ನಲಿಲ್ಲ. ಅಮಾವಾಸ್ಯೆವರೆಗೆ ನೀನೂ ಬಾಯಿ ಬಿಡಬೇಡ. ಈಗ ಗೊತ್ತಾದರೆ ನಿಮ್ಮಪ್ಪ ಕಿಟಕಿಯಿಂದ ಟವೆಲು ಹಾಕಿ ಬಸ್ಸಿನಲ್ಲಿ ಸೀಟು ಹಿಡಿದುಬಿಡುತ್ತಾರೆ.