ಕಿಟಕಿಯಲ್ಲಿಟ್ಟ ಎರಡು ಜಾಡಿ

ಅಪ್ಪನಿಗೆ,

ಎದುರು ನಿಂತರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆಯ ಕಿಟಕಿಯಲ್ಲಿ ಎರಡು ಗಾಜಿನ ಜಾಡಿ ಇಟ್ಟಿದ್ದೇನೆ. ನೀರು ಚೆಲ್ಲಬೇಡಿ.

ಮೊದಲನೆಯದರಲ್ಲಿ ನಾನು ಪ್ರಯೋಗಶಾಲೆಯಲ್ಲಿ ಕಲಸಿದ ಡಾಂಬರಿನ ಉಂಡೆಯಿದೆ. ಜಲ್ಲಿಯ ಸಂದು ತುಂಬಲು ಕಲ್ಲುಪುಡಿಯ ಬದಲು, ಗೂಡಿನವರು ಬಿಸಾಡಿದ ಒಡಕು ಇಟ್ಟಿಗೆಯ ಪುಡಿ ಹಾಕಿದ್ದೆ. ಕಲ್ಲಿಗಾಗಿ ಒಡೆಯುವ ಬೆಟ್ಟಗಳಲ್ಲಿ ಒಂದಾದರೂ ಉಳಿಯಲಿ ಎಂದು ಆರು ತಿಂಗಳು ಕಚೇರಿಯ ಮೆಟ್ಟಿಲು ಸವೆಸಿ ಒಪ್ಪಿಗೆ ಪಡೆದದ್ದು ಇದಕ್ಕೇ. ಮೂರು ದಿನದಿಂದ ಮುಳುಗಿದೆ, ನೀರು ತಿಳಿಯಾಗಿಯೇ ಇದೆ.

ಎರಡನೆಯದರಲ್ಲಿರುವುದು ಮೊದಲ ಮಳೆಗೇ ಕಿತ್ತುಬಂದ ಶಾಲೆ ಮುಂದಿನ ರಸ್ತೆಯ ತುಂಡು. ಅದೇ ಇಟ್ಟಿಗೆ ಪುಡಿ ಹಾಕಿ ನಿಮ್ಮ ಉಸ್ತುವಾರಿಯಲ್ಲಿ ಕಲಸಬೇಕಿದ್ದದ್ದು. ಸಂಜೆಯೊಳಗೆ ಜಲ್ಲಿ ಬೆತ್ತಲಾಯಿತು, ನೀರು ಕೆಸರಾಯಿತು. ಇಟ್ಟಿಗೆ ಪುಡಿ ಮುಗಿದಾಗ ನೀವು ಹೊಲದ ಜೇಡಿಮಣ್ಣು ಸುರಿಸಿದ್ದೀರಿ.

ಮಣ್ಣು ಬೆರೆಸಬಾರದೆಂದು ಕೆಲಸಗಾರರಿಗೆ ನಾನು ಹಂಚಿದ್ದ ಕರಪತ್ರ ತೋರಿಸಿ ಕೇಳಿದ್ದಕ್ಕೆ ನಕ್ಕಿರಿ. "ಎರಡೂ ಕೆಂಪೇ ಅಲ್ವೇನೇ? ಡಾಂಬರು ಬಿದ್ಮೇಲೆ ಎಲ್ಲಾ ಕಪ್ಪೇ. ನಿನ್ನ ಕರಪತ್ರ ಬಂದು ರೋಡು ಅಗೆದು ನೋಡುತ್ತಾ?"

ತಪ್ಪೆಲ್ಲ ಇಟ್ಟಿಗೆ ಪುಡಿಯದು ಎಂಬ ಎಂಜಿನಿಯರ್ ವರದಿಗೆ ಸೋಮವಾರ ನಾನು ಸಹಿ ಹಾಕಬೇಕಂತೆ. ಹಾಕುವುದಿಲ್ಲ. ಅಷ್ಟರೊಳಗೆ ಎಂಜಿನಿಯರ್‌ಗೆ ನೀವೇ ನಿಜ ಹೇಳಿ. ಇಲ್ಲದಿದ್ದರೆ ಎರಡೂ ಜಾಡಿಗಳನ್ನು ನಾನೇ ಒಯ್ಯುತ್ತೇನೆ. ಮಣ್ಣು ಸುರಿಸಿದವರು ಯಾರು ಎಂದು ಕೇಳಿದರೆ ನಿಮ್ಮ ಹೆಸರನ್ನೇ ಹೇಳುತ್ತೇನೆ.

ಇನ್ನು ಮುಂದೆ ಬೂಟು ಹೊರಗೇ ಬಿಡಿ. ಅದರಿಂದ ಉದುರುವ ಕೆಂಪು ಮಣ್ಣನ್ನು ಅಮ್ಮ "ನನ್ನ ಮಗಳ ಇಟ್ಟಿಗೆ ಪುಡಿ" ಎಂದು ಹೆಮ್ಮೆಯಿಂದ ಗುಡಿಸುತ್ತಾಳೆ. ಅವಳಿಗೂ ನೀವೇ ಹೇಳಿ.

ನಿಮ್ಮ ಮಗಳು