ಒಳಗಿನ ಗ್ಲಾಸು, ಹೊರಗಿನ ಗ್ಲಾಸು

ಯಂಕಮ್ಮಕ್ಕಾ, ಕುರುಗೋಡಿನಲ್ಲಿ ಎಲ್ಲರೂ ಆರಾಮ ತಾನೇ? ನಾನು ಸಿರುಗುಪ್ಪದಾಚೆಯ ಹಳ್ಳಿಯೊಂದರಲ್ಲಿದ್ದೇನೆ. ಅಸ್ಪೃಶ್ಯತೆಯ ವಿರುದ್ಧದ ನಾಟಕಕ್ಕೆ ಬೇಕಾದ ಸಾಮಾನನ್ನು ನಮ್ಮ ತಂಡ ಆಯಾ ಊರಲ್ಲೇ ಕೇಳಿ ತರುತ್ತದೆ. ಇವತ್ತು ಚಹಾದಂಗಡಿಯಲ್ಲಿ ಸ್ಟೀಲ್ ಗ್ಲಾಸು ಕೇಳಿದೆ. “ಒಳಗಿನವು ಬೇಕೇನ್ರಿ, ಹೊರಗಿನವಾ?” ಎಂದ ಮಾಲೀಕ. ಹೊರಗಿನವು ನಮ್ಮಂಥ ಕೇರಿಯವರಿಗೆ! ಎರಡೂ ತಂದೆ. “ಕೂಡಿಸಬ್ಯಾಡ್ರಿ ಮತ್ತ, ಬ್ಯಾರೆ ಬ್ಯಾರೇನ ವಾಪಸ್ ಕೊಡ್ರಿ” ಎಂದಿದ್ದ. ನಾನು ಹೇಳುವಷ್ಟರಲ್ಲಿ ನಮ್ಮ ನಟ ಗಾದಿಲಿಂಗ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ತೊಳೆದಿಟ್ಟ. ಈಗ ಯಾವುದು ಯಾವುದೆಂದು ಗೊತ್ತಾಗುತ್ತಿಲ್ಲ. ಇದನ್ನು ಅವ್ವನಿಗೆ ಹೇಳಬೇಡ. ಇನ್ನೇನು ನಾಟಕ ಶುರು. ಮಾಲೀಕ ಮುಂದಿನ ಕುರ್ಚಿಯಲ್ಲೇ ಕೂತು ನೀರು ಕೇಳಿದ. ಗಾದಿಲಿಂಗ ಕೈಗೆ ಸಿಕ್ಕ ಗ್ಲಾಸಿನಲ್ಲಿ ಕೊಟ್ಟುಬಿಟ್ಟ. ಕುಡಿಯುತ್ತಿದ್ದಾನೆ ಅಕ್ಕಾ!

ಅವಸರದಲ್ಲಿ, ಪಂಪಾವತಿ