ಮಾವ ಉಳಿಸಿದ ಮರ್ಯಾದೆ

ವಿಟ್ಬಿ, ಕೆನಡಾ, ಭಾನುವಾರ

ಚಂದ್ರಮೋಹನ ಮಾವನಿಗೆ ನಮಸ್ಕಾರ.

ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಲ್ಬರ್ಟಾದ ತೈಲಬಾವಿಗಳಲ್ಲಿ ಟ್ಯಾಂಕರ್ ಓಡಿಸುವ ಕೆಲಸ ಬಹುತೇಕ ಸಿಕ್ಕಿತ್ತು. ಹಿಮದಲ್ಲಿ ಗಾಡಿ ಓಡಿಸಿ ತೋರಿಸಿದ್ದೂ ಆಗಿತ್ತು. ಬಾಕಿ ಇದ್ದದ್ದು ನನ್ನನ್ನು ಬಲ್ಲವರ ಒಂದು ಒಳ್ಳೆಯ ಮಾತು. ನಿಮ್ಮ ನಂಬರು ಕೊಟ್ಟೆ. ಕಂಪನಿಯವರು ಕೇಳಿದರೆ ನೀವು ಹೇಳಿದ್ದೇನು? “ನಮ್ಮ ಹುಡುಗ ಇಂಜಿನಿಯರು. ಟ್ರಕ್ಕೆಲ್ಲ ಟೆಂಪರರಿ, ಆಫೀಸ್ ಕೆಲಸ ಸಿಕ್ಕಿದ ಕೂಡಲೇ ಬಿಡ್ತಾನೆ” ಅಂದಿರಂತೆ! ಚಳಿಗಾಲದ ನಡುವೆ ಬಿಟ್ಟುಹೋಗುವವನನ್ನು ಯಾರು ಇಟ್ಟುಕೊಳ್ಳುತ್ತಾರೆ ಮಾವ? ಅದರ ಮೇಲೆ, “ನಿನ್ನ ಮರ್ಯಾದೆ ಉಳಿಸಿದ್ದೇನೆ ಮಾರಾಯ” ಅಂತ ನನಗೇ ಫೋನ್ ಬೇರೆ.

ಕನ್ನಡ ಸಂಘದಲ್ಲಿ ನನ್ನನ್ನು “ಲಾಜಿಸ್ಟಿಕ್ಸಲ್ಲಿದ್ದಾನೆ” ಎಂದು ಪರಿಚಯಿಸುತ್ತೀರಿ, ಟ್ರಕ್ ಎಂಬ ಮಾತನ್ನೇ ಬಿಟ್ಟು. ಅದನ್ನು ಸಹಿಸಿಕೊಂಡೆ.

ಗುರುವಾರ ಇನ್ನೊಂದು ಕಂಪನಿಯವರು ಫೋನ್ ಮಾಡುತ್ತಾರೆ. ಈ ಸಲವೂ ನಿಮ್ಮ ನಂಬರನ್ನೇ ಕೊಟ್ಟಿದ್ದೇನೆ. ದಯವಿಟ್ಟು ನನ್ನ ಡಿಗ್ರಿ, ನಮ್ಮ ಮನೆತನದ ಸುದ್ದಿ ಎತ್ತಬೇಡಿ. “ಅವನು ಟ್ರಕ್ ಡ್ರೈವರ್, ಚೆನ್ನಾಗಿ ಓಡಿಸುತ್ತಾನೆ” ಎಂದಷ್ಟೇ ಹೇಳಿ.

ಬಾಯಿಗೆ ಬಾರದಿದ್ದರೆ ಮೊದಲು ಅತ್ತೆಯ ಮುಂದೆ ಒಮ್ಮೆ ಹೇಳಿ ನೋಡಿ. ನಿಮ್ಮ ಬಾಯಿಂದ ಆ ಮಾತನ್ನು ಅವರೂ ಕೇಳಿಲ್ಲ, ನಾನೂ ಕೇಳಿಲ್ಲ.

ನಿಮ್ಮ ಅಕ್ಕನ ಮಗ,
ಚಿರಂತ್